ಕಸದ ಗಾಡಿಗೆ ಡೀಸೆಲ್ ದುಡ್ಡು: ನಮ್ಮ ಗ್ರಾಮ ಪಂಚಾಯಿತಿ ಲೆಕ್ಕ

ಹಳ್ಳಿಯಲ್ಲಿ ಮನೆಮನೆಯಿಂದ ಕಸದ ಶುಲ್ಕ ಎತ್ತಿ ಗಾಡಿ ಓಡಿಸೋದು ಆಗದ ಮಾತು ಎಂದಿದ್ದವರೇ ಈಗ ನಮ್ಮ ಶುಲ್ಕದ ಕಾರ್ಡಿನ ನಮೂನೆ ಕೇಳುತ್ತಿದ್ದಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಅಂಕಿಗಳು ನೆನಪಿನವು, ಸಾವಿರ ಐನೂರು ಆಚೀಚೆ ಇದ್ದೀತು.

ಅನುದಾನದ ಕಥೆ ಗೊತ್ತಿದ್ದದ್ದೇ. 2020ರಲ್ಲಿ ಶುರುವಾದ ಕೇಂದ್ರದ ಸ್ವಚ್ಛ ಭಾರತ್ ಗ್ರಾಮೀಣ ಯೋಜನೆಯ ಎರಡನೇ ಹಂತದಲ್ಲಿ ಘನ ತ್ಯಾಜ್ಯಕ್ಕೆ 5000 ಜನರವರೆಗಿನ ಹಳ್ಳಿಗೆ ತಲೆಗೆ ಹೆಚ್ಚೆಂದರೆ 60 ರೂಪಾಯಿ, ದೊಡ್ಡದಕ್ಕೆ 45 ಇತ್ತು. ಅದರಲ್ಲೂ ಶೇ 30 ಪಾಲನ್ನು 15ನೇ ಹಣಕಾಸು ಆಯೋಗದ ಶಿಫಾರಸಿನಂತೆ ಪಂಚಾಯಿತಿಗೆ ಬರುತ್ತಿದ್ದ ದುಡ್ಡಿನಿಂದ ನಾವೇ ಹಾಕಬೇಕಿತ್ತು. ಮೂರು ಸಣ್ಣ ಹಳ್ಳಿ, ಏಳು ಸಾವಿರ ಜನ ಅಂದರೆ 4.2 ಲಕ್ಷ, ಯೋಜನೆಯಿಂದ ಬರುತ್ತಿದ್ದದ್ದು 2.94 ಲಕ್ಷ. ಆಟೊ ಟಿಪ್ಪರ್‌ಗೇ ಸಾಲದು. ಹಾಗಿದ್ದರೂ ಗಾಡಿ, ಶೆಡ್ಡು ಹೇಗೋ ಆಗುತ್ತವೆ. ಗಾಡಿ ನಿಲ್ಲೋದು ತಿಂಗಳ ಖರ್ಚಿಗೆ. ಆಯೋಗದ ಅನಿರ್ಬಂಧಿತ ಅನುದಾನದಲ್ಲೂ (ಇಂಥದ್ದಕ್ಕೇ ಎಂದು ಗೊತ್ತುಮಾಡದ ದುಡ್ಡು) ಸಂಬಳ ಕೊಡುವಂತಿರಲಿಲ್ಲ.

ವಾರಕ್ಕೆ ನಾಲ್ಕು ದಿನ, ಬೆಳಗಿನ ಪಾಳಿ ಮಾತ್ರ. ಚಾಲಕಿ ಮತ್ತು ಇಬ್ಬರು ಸಹಾಯಕಿಯರಿಗೆ 27 ಸಾವಿರ, ಡೀಸೆಲ್ 9, ಟೈರು-ವಿಮೆ-ರಿಪೇರಿಗೆ ಎತ್ತಿಡೋದು 4, ಗ್ಲೌಸು, ಗೋಣಿಚೀಲ, ಕರೆಂಟಿಗೆ 2. ಒಟ್ಟು 42 ಸಾವಿರದ ಹತ್ತಿರ.

ಶುಲ್ಕವನ್ನು ಮನೆ ಕಂದಾಯದ ಜೊತೆ ಸೇರಿಸಿದಾಗ ಆದ ಅನಾಹುತ ಕೇಳಿ. ಐನೂರು ಚಿಲ್ಲರೆ ಕಂದಾಯದ ಪಕ್ಕ ವರ್ಷದ ಕಸದ ಬಾಬ್ತು 360 ನೋಡಿ ಜನ ಎರಡನ್ನೂ ನಿಲ್ಲಿಸಿದರು. ಕಂದಾಯ ವಸೂಲಿಯೇ ಕುಸಿಯಿತು. ಬಿಲ್ ಕಲೆಕ್ಟರ್ ತಿಂಗಳು ತಿಂಗಳು ಹೋದರೆ 1600 ಮನೆಯಲ್ಲಿ ಮುನ್ನೂರು ದಾಟಲಿಲ್ಲ. ನೀರಿನ ಬಾಕಿ, ಬೀದಿ ದೀಪದ ಸಿಟ್ಟು ಎಲ್ಲವೂ ಅವರ ತಲೆಗೇ.

ಕೆಲಸ ಮಾಡಿದ್ದು ಇದು. ಕಸ ಎತ್ತುವ ಸ್ವಸಹಾಯ ಸಂಘದವರೇ ದುಡ್ಡು ಎತ್ತಬೇಕು, ತಿಂಗಳ 5ರಿಂದ 12ರೊಳಗೆ, ಮನೆಗೆ 20 ರೂಪಾಯಿ. ಬಾಗಿಲ ಹಿಂದೆ ಹನ್ನೆರಡು ಚೌಕದ ಕಾರ್ಡು; ಕೊಟ್ಟ ತಿಂಗಳಿಗೆ ಮೊಹರು. ಪಕ್ಕದ ಮನೆಯ ಕಾರ್ಡಿನಲ್ಲಿ ಮೊಹರು ತುಂಬಿ ತಮ್ಮದು ಖಾಲಿ ಇದ್ದರೆ ಯಾರಿಗೂ ಹಿಡಿಸೋದಿಲ್ಲ. ಹಣ ಅದೇ ದಿನ ಪ್ರತ್ಯೇಕ ಖಾತೆಗೆ. ಶೇ 60 ದಾಟಿದ ವಸೂಲಿಯಲ್ಲಿ ಹತ್ತನೇ ಒಂದು ಪಾಲು ತಂಡಕ್ಕೆ. ಈಗ ಶೇ 70ರಲ್ಲಿ ನಿಂತಿದೆ, ಅಂದರೆ 22 ಸಾವಿರ ಚಿಲ್ಲರೆ. ತಾಲ್ಲೂಕಿನಲ್ಲಿ ಇಷ್ಟು ಎತ್ತುವವರು ಇನ್ನೊಬ್ಬರಿದ್ದರೆ ತೋರಿಸಿ!

ಅಂಗಡಿಗಳದ್ದು ಸುಲಭ. ಪರವಾನಗಿ ನವೀಕರಣದ ದಿನವೇ ವರ್ಷದ್ದು ಕಟ್ಟಿಸಿಕೊಳ್ಳೋದು. ತಿಂಗಳಿಗೆ ಹಂಚಿದರೆ 11 ಸಾವಿರ. ಕೋಳಿ ಅಂಗಡಿಗೆ ದರ ಜಾಸ್ತಿ ಇಡಿ, ಡ್ರಮ್ಮು ಬೇರೆ ಕೊಡಿ. ಕೋಳಿ ಕಸದ ನೀರು ಒಂದು ಸಲ ರಟ್ಟಿಗೆ ತಾಗಿದರೆ ಇಡೀ ಲೋಡು ಹೋಯಿತು. ಕಲ್ಯಾಣ ಮಂಟಪಕ್ಕೆ ಒಂದು ಕಾರ್ಯಕ್ರಮಕ್ಕೆ ಸಾವಿರ. ಮಾಲೀಕರನ್ನು ಒಪ್ಪಿಸಿದ ಬಗೆ ಇಲ್ಲಿ ಬೇಡ.

ಒಣ ಕಸ ಮಾರಿಯೇ ಗಾಡಿ ಓಡಿಸುತ್ತೇವೆ ಅನ್ನುವವರನ್ನು ನಂಬಬೇಡಿ. ನಮಗೆ ಬರೋದು ತಿಂಗಳಿಗೆ ಐದು ಸಾವಿರ. ಪೆಟ್ ಬಾಟಲಿ ಮುಚ್ಚಳ ತೆಗೆದು ಬೇರೆ, ಹಾಲಿನ ಕವರ್ ತೊಳೆದು ಒಣಗಿಸಿ ಬೇರೆ ಮಾಡಿದರಷ್ಟೇ ರೇಟು. ಒದ್ದೆ ರಟ್ಟಿಗೆ ತೂಕ ಕಡಿತ. ಚಿಪ್ಸ್ ಕವರಿಗೆ ಗಿರಾಕಿಯೇ ಇಲ್ಲ. ಅದನ್ನು ಉರುವಲಾಗಿ ಸಿಮೆಂಟ್ ಕಾರ್ಖಾನೆಗೆ ಸಾಗಿಸಲು ನಾವೇ ಬಾಡಿಗೆ ಕೊಡಬೇಕು. ನಾಲ್ಕು ಪಂಚಾಯಿತಿ ಸೇರಿ ಲೋಡು ತುಂಬಿಸಿ, ಬಾಡಿಗೆ ಹಂಚಿಕೊಳ್ಳುತ್ತೇವೆ. ಗುಜರಿಯವರ ತೂಕದ ಕಾಟಾ ಬಗ್ಗೆ ತಿಳಿಯಬೇಕಿದ್ದವರು ಖುದ್ದು ಬನ್ನಿ.

ಎರೆಗೊಬ್ಬರ ಮಾಡಿ ಮಾರುವ ಪ್ರಯೋಗವೂ ಆಯಿತು. ಚೀಲ, ಹೊಲಿಗೆ, ಜರಡಿಯ ಕೂಲಿ ಕಳೆದರೆ ಕೈಗೆ ಏನೂ ಉಳಿಯಲಿಲ್ಲ. ಲಾಭವಾಗಿದ್ದು ಬೇರೆ ಕಡೆ: ತಿಪ್ಪೆ, ದನ ಇರುವ ಮನೆಗಳಲ್ಲಿ ಹಸಿ ಕಸ ಎತ್ತೋದನ್ನೇ ನಿಲ್ಲಿಸಿದೆವು. ಆ ಬೀದಿಗಳಿಗೆ ವಾರಕ್ಕೊಂದೇ ಟ್ರಿಪ್ಪು. ಡೀಸೆಲ್ 13 ಸಾವಿರದಿಂದ 9ಕ್ಕೆ ಇಳಿದದ್ದು ಹೀಗೆ.

ಕ್ಯೂಆರ್ ಸ್ಟಿಕ್ಕರ್ ಅಂಟಿಸುವವರಿಗೆ ಒಂದು ಮಾತು. ದುಡ್ಡು ಬರುತ್ತದೆ, ಯಾವ ಮನೆಯದೆಂದು ಗೊತ್ತಾಗೋದಿಲ್ಲ. ಮಗ ಬೆಂಗಳೂರಿನಿಂದ ಕಳಿಸಿರುತ್ತಾನೆ. ವಹಿವಾಟು ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಕಾರ್ಡಿನ ಮೇಲೆ ಬರೆದ ನಂತರವೇ ಮೊಹರು ಹಾಕಿಸಿ. ಆಷಾಢದಲ್ಲಿ ಮದುವೆ ಇರೋದಿಲ್ಲ, ಮಂಟಪದ ಆದಾಯ ಸೊನ್ನೆ. ಆ ತಿಂಗಳ ಕೊರತೆಗೆ ಪಂಚಾಯಿತಿಯ ಸ್ವಂತ ಆದಾಯದಿಂದ ಮೂರ್ನಾಲ್ಕು ಸಾವಿರ ಕೊಡಲು ಸಾಮಾನ್ಯ ಸಭೆಯಲ್ಲಿ ಮೊದಲೇ ನಿರ್ಣಯ ಮಾಡಿಸಿಡಿ.