ಸಂಬಳದ ಚೀಟಿಯಲ್ಲಿ ಹೋದ 918 ಡಾಲರ್

2023ರ ಜೂನ್‌ನಲ್ಲಿ ಬಂದ ಮೊದಲ ಇಂಟರ್ನ್‌ಶಿಪ್ ಸಂಬಳದ ಚೀಟಿಯನ್ನು ಮೂರು ಸಲ ಓದಿದೆ. ಎರಡು ವಾರದ ದುಡಿಮೆಗೆ 2,000 ಡಾಲರ್. ಅದರಲ್ಲಿ ಕಡಿತವಾಗಿದ್ದು ಆದಾಯ ತೆರಿಗೆ 168, ಸೋಷಿಯಲ್ ಸೆಕ್ಯುರಿಟಿ ಎಂಬ ಪಿಂಚಣಿ ನಿಧಿಗೆ 124, ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ 29. ಆ ವರ್ಷದ ಜನವರಿಯಿಂದ ಮೇವರೆಗೆ, ಟೆಕ್ಸಾಸ್‌ನಲ್ಲಿ ನಾನು ಎಂಎಸ್ ಓದುತ್ತಿದ್ದ ವಿಶ್ವವಿದ್ಯಾಲಯದ ಭೋಜನಶಾಲೆಯಲ್ಲಿ ಗಂಟೆಗೆ 11 ಡಾಲರ್‌ನಂತೆ ವಾರಕ್ಕೆ 20 ಗಂಟೆ ಕೆಲಸ ಮಾಡಿದ್ದೆ. ಆ ಚೀಟಿಗಳಲ್ಲಿ ಕೊನೆಯ ಎರಡು ಸಾಲುಗಳ ಮುಂದೆ ಸೊನ್ನೆ ಇರುತ್ತಿತ್ತು. ಏಕೆ ಸೊನ್ನೆ ಎಂದು ಕೇಳುವ ಯೋಚನೆಯೇ ನನಗೆ ಬಂದಿರಲಿಲ್ಲ. ದಾವಣಗೆರೆಯಿಂದ ಹೊಸದಾಗಿ ಬಂದವನಿಗೆ ಕೆಲಸ ಸಿಕ್ಕಿದ್ದೇ ದೊಡ್ಡದಾಗಿತ್ತು.

ಸೋಷಿಯಲ್ ಸೆಕ್ಯುರಿಟಿಗೆ ಸಂಬಳದ 6.2 ಶೇಕಡಾ, ಮೆಡಿಕೇರ್‌ಗೆ 1.45 ಶೇಕಡಾ. ಇವೆರಡನ್ನೂ ಸೇರಿಸಿ ಫೈಕಾ ತೆರಿಗೆ ಎನ್ನುತ್ತಾರೆ. ಎಫ್-1 ವೀಸಾದಲ್ಲಿರುವ, ತೆರಿಗೆಯ ಲೆಕ್ಕದಲ್ಲಿ ಅನಿವಾಸಿಯಾಗಿರುವ ವಿದ್ಯಾರ್ಥಿ ಅನುಮತಿ ಪಡೆದು ಮಾಡುವ ಕೆಲಸಕ್ಕೆ ಈ ತೆರಿಗೆ ಇಲ್ಲ. ಅಮೆರಿಕದ ತೆರಿಗೆ ಸಂಹಿತೆಯ 3121(ಬಿ)(19)ನೇ ಕಲಂ ಹೀಗೆ ಹೇಳುತ್ತದೆ. ಕ್ಯಾಂಪಸ್ಸಿನ ಹೊರಗಿನ ಇಂಟರ್ನ್‌ಶಿಪ್‌ಗೂ ಅದು ಅನ್ವಯಿಸುತ್ತದೆ. ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ನಾವು ಅನಿವಾಸಿಗಳು. ಡಿಸೆಂಬರ್‌ನಲ್ಲಿ ಬಂದಿಳಿದರೂ ಆ ವರ್ಷ ಪೂರ್ತಿ ಒಂದು ವರ್ಷವೆಂದೇ ಲೆಕ್ಕ. ನಾನು 2022ರ ಆಗಸ್ಟ್‌ನಲ್ಲಿ ಬಂದವನಾದ್ದರಿಂದ 2026ರ ಕೊನೆಯವರೆಗೆ ನನಗೆ ಈ ವಿನಾಯಿತಿ ಇತ್ತು.

ಕಂಪನಿಗೆ ಬರೆದೆ. ಸಣ್ಣ ಸಂಸ್ಥೆ, ವಿದೇಶಿ ವಿದ್ಯಾರ್ಥಿಯನ್ನು ಹಿಂದೆ ತೆಗೆದುಕೊಂಡಿರಲಿಲ್ಲ. ‘ಇಲ್ಲಿ ಎಲ್ಲರೂ ಕಟ್ಟುತ್ತಾರೆ’ ಎಂಬ ಉತ್ತರ ಬಂತು. ಕಲಮಿನ ಸಂಖ್ಯೆ, ಅಲ್ಲಿಯ ತೆರಿಗೆ ಇಲಾಖೆ ಐಆರ್‌ಎಸ್‌ನ 519ನೇ ಪ್ರಕಟಣೆಯ ಪುಟ, ವಿದ್ಯಾರ್ಥಿಯೆಂದು ವಿಶ್ವವಿದ್ಯಾಲಯ ಕೊಟ್ಟ ನನ್ನ ಐ-20 ಪತ್ರದ ಪ್ರತಿ ಎಲ್ಲವನ್ನೂ ಕಳುಹಿಸಿದೆ. ನನ್ನಿಂದ ಕಡಿತವಾದಷ್ಟೇ ಮೊತ್ತವನ್ನು ಕಂಪನಿಯೂ ತನ್ನ ಜೇಬಿನಿಂದ ಕಟ್ಟುತ್ತಿತ್ತು. ತಪ್ಪನ್ನು ತಿದ್ದಿಕೊಂಡರೆ ಆ ಹಣ ಅವರಿಗೂ ಮರಳುತ್ತದೆ ಎಂದು ವಿವರಿಸಿದೆ. ಆದರೂ ಅವರು ಬದಲಿಸಲಿಲ್ಲ. ಹನ್ನೆರಡು ವಾರ ಮುಗಿಯುವ ಹೊತ್ತಿಗೆ 12,000 ಡಾಲರ್ ಸಂಬಳದಲ್ಲಿ 918 ಡಾಲರ್ ಹೋಗಿತ್ತು. ಭಾರತ ಮತ್ತು ಅಮೆರಿಕದ ನಡುವೆ ಸಾಮಾಜಿಕ ಭದ್ರತೆಯ ಒಪ್ಪಂದವಿಲ್ಲ. ನಾಳೆ ಊರಿಗೆ ಮರಳಿದರೆ ಆ ಕಂತನ್ನು ನಮ್ಮ ಪಿಎಫ್‌ಗೆ ಸೇರಿಸುವ ದಾರಿಯಿಲ್ಲ. ಹಾಗಾಗಿ ಬಿಟ್ಟುಬಿಡಲು ಮನಸ್ಸಾಗಲಿಲ್ಲ.

2024ರ ಜನವರಿಯಲ್ಲಿ, ವರ್ಷದ ಸಂಬಳ ಮತ್ತು ಕಡಿತಗಳನ್ನು ತೋರಿಸುವ ಡಬ್ಲ್ಯೂ-2 ಕೈಗೆ ಬಂದಾಗ ತಿದ್ದುವಂತೆ ಕೊನೆಯ ಸಲ ಕೇಳಿದೆ, ಆಗದು ಎಂಬ ಉತ್ತರವನ್ನು ಇಮೇಲ್‌ನಲ್ಲಿಯೇ ಪಡೆದೆ. ಬರಹದಲ್ಲಿ ಪಡೆದದ್ದು ಒಳ್ಳೆಯದಾಯಿತು. ಮರುಪಾವತಿ ಕೇಳುವುದು ನಮೂನೆ 843ರಲ್ಲಿ. ಅದರ ಜೊತೆ ಹೋಗುವ ನಮೂನೆ 8316 ಕೇಳುವುದು ‘ನಿಮ್ಮ ಮಾಲೀಕರು ಆ ಹಣ ಮರಳಿಸಿದರೇ’ ಎಂದು. ಆ ಇಮೇಲ್, ಡಬ್ಲ್ಯೂ-2, ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳು, ದೇಶದೊಳಗೆ ಬಂದ ದಾಖಲೆಯಾದ ಐ-94, ಇಂಟರ್ನ್‌ಶಿಪ್‌ಗೆ ಅನುಮತಿ ಇರುವ ಐ-20ರ ಪುಟ ಎಲ್ಲವನ್ನೂ ಜೋಡಿಸಿ, ಪ್ರತಿ ಇಟ್ಟುಕೊಂಡು, ಮಾರ್ಚ್‌ನಲ್ಲಿ ಯೂಟಾದ ಆಗ್ಡನ್‌ಗೆ ನೋಂದಾಯಿತ ಅಂಚೆಯಲ್ಲಿ ಕಳುಹಿಸಿದೆ. ಇದನ್ನು ವಾರ್ಷಿಕ ರಿಟರ್ನ್‌ಗೆ ಸೇರಿಸಬಾರದು, ಪ್ರತ್ಯೇಕ ಲಕೋಟೆಯಲ್ಲೇ ಹೋಗಬೇಕು.

ರಿಟರ್ನ್‌ನಲ್ಲಿ ನಮ್ಮವರಿಗೆ ಇನ್ನೊಂದು ಅನುಕೂಲವಿದೆ, ಅದು ಬಹಳ ಜನರಿಗೆ ಗೊತ್ತಿಲ್ಲ. ಅನಿವಾಸಿಗಳು ಸಲ್ಲಿಸುವ 1040-ಎನ್‌ಆರ್‌ನಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ತೆರಿಗೆ ಲೆಕ್ಕಕ್ಕೆ ಮೊದಲು ಆದಾಯದಿಂದ ಕಳೆಯುವ ನಿಗದಿತ ಮೊತ್ತ, ಸಿಗುವುದಿಲ್ಲ. ಭಾರತದ ವಿದ್ಯಾರ್ಥಿಗಳಿಗೆ ಮಾತ್ರ, ಭಾರತ-ಅಮೆರಿಕ ತೆರಿಗೆ ಒಪ್ಪಂದದ 21(2)ನೇ ವಿಧಿಯ ಕಾರಣ, ಅದು ಸಿಗುತ್ತದೆ. 2023ಕ್ಕೆ ಅದು 13,850 ಡಾಲರ್. ಇಂಟರ್ನ್‌ಶಿಪ್‌ಗೆ ಮೊದಲೂ ನಂತರವೂ ಕ್ಯಾಂಪಸ್ಸಿನಲ್ಲಿ ಗಳಿಸಿದ 6,600 ಸೇರಿಸಿ ನನ್ನ ವರ್ಷದ ಗಳಿಕೆ 18,600. ಕಳೆದರೆ ಉಳಿದದ್ದು 4,750, ಅದಕ್ಕೆ 10 ಶೇಕಡಾದಂತೆ ತೆರಿಗೆ 475. ಆ ವಿಧಿಯನ್ನು ನಮೂದಿಸದಿದ್ದರೆ 2,000 ಡಾಲರ್ ದಾಟುತ್ತಿತ್ತು. ಸಂಬಳದಲ್ಲಿ ಸುಮಾರು 1,000 ಮುಂಚೆಯೇ ಕಡಿತವಾಗಿದ್ದರಿಂದ 500ಕ್ಕೂ ಹೆಚ್ಚು ವಾಪಸು ಬಂತು. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಬೇರೆ ರಾಜ್ಯದಲ್ಲಿದ್ದವರು ಅದನ್ನೂ ನೋಡಿಕೊಳ್ಳಬೇಕು.

ನನ್ನ ಕೋಣೆಯ ಗೆಳೆಯ ನಿವಾಸಿಗಳಿಗೆಂದು ಮಾಡಿದ ಸಾಫ್ಟ್‌ವೇರ್‌ನಲ್ಲಿ ಸಾಧಾರಣ 1040 ಸಲ್ಲಿಸಿ, ಶಿಕ್ಷಣದ ಕ್ರೆಡಿಟ್ (ಓದಿನ ಖರ್ಚಿಗೆ ಸಿಗುವ ತೆರಿಗೆ ರಿಯಾಯಿತಿ) ಎಂದು ದೊಡ್ಡ ಮೊತ್ತ ಪಡೆದ. ಅನಿವಾಸಿಗೆ ಆ ಕ್ರೆಡಿಟ್ ಇಲ್ಲ. ತಿಂಗಳುಗಳ ನಂತರ ತಿದ್ದುಪಡಿ ರಿಟರ್ನ್ ಸಲ್ಲಿಸಿ ಹಣ ಹಿಂದಿರುಗಿಸುವಾಗ ಅವನು ಪಟ್ಟ ಆತಂಕವನ್ನು ನೋಡಿದ್ದೇನೆ. ಮುಂದೆ ವೀಸಾ ಬದಲಿಸುವಾಗ ಇದು ಎದುರಾದರೆ ಏನು ಗತಿ ಎಂದು ರಾತ್ರಿ ಎದ್ದು ಕೂರುತ್ತಿದ್ದ. ದುಡಿಮೆಯೇ ಇಲ್ಲದ ವರ್ಷವೂ, ಅನಿವಾಸಿ ವಿದ್ಯಾರ್ಥಿ ಎಂದು ತಿಳಿಸುವ ನಮೂನೆ 8843 ಕಳುಹಿಸಲೇಬೇಕು. 2022ಕ್ಕೆ ನಾನು ಕಳುಹಿಸಿದ್ದು ಅದೊಂದನ್ನೇ.

ತೆರಿಗೆಗಿಂತ ನನ್ನನ್ನು ಹೆಚ್ಚು ಕಾಡಿದ್ದು ಕೈ ಸುಟ್ಟದ್ದು. 2023ರ ಅಕ್ಟೋಬರ್‌ನಲ್ಲಿ ನಾನು ಮತ್ತೆ ಕೆಲಸಕ್ಕೆ ಸೇರಿದ್ದ ಭೋಜನಶಾಲೆಯ ಅಡುಗೆಮನೆಯಲ್ಲಿ ಕುದಿಯುವ ಸೂಪು ಎಡಗೈ ಮೇಲೆ ಚೆಲ್ಲಿತು. ಮೇಲ್ವಿಚಾರಕರು ಒಳ್ಳೆಯವರೇ, ತಣ್ಣೀರು ಹಾಕಿ ಕೂರಿಸಿದರು, ‘ನಿನ್ನ ವಿದ್ಯಾರ್ಥಿ ವಿಮೆಯಲ್ಲಿ ತೋರಿಸಿಕೋ’ ಎಂದರು. ಹಾಗೆ ಮಾಡಿದ್ದರೆ ವಿಮೆಯ ಮೊದಲ 500 ಡಾಲರ್ ನನ್ನ ಕೈಯಿಂದಲೇ ಹೋಗುತ್ತಿತ್ತು. ಕೆಲಸದ ಹೊತ್ತಿನಲ್ಲಿ ಆದ ಗಾಯಕ್ಕೆ ವರ್ಕರ್ಸ್ ಕಾಂಪನ್ಸೇಷನ್ (ಮಾಲೀಕರ ಕಡೆಯಿಂದ ನೌಕರರಿಗಿರುವ ಪರಿಹಾರ) ಇದೆ, ನೀನೂ ಅಲ್ಲಿಯ ನೌಕರನೇ ಎಂದು ಪಾತ್ರೆ ತೊಳೆಯುತ್ತಿದ್ದ ಹಿರಿಯ ಹೆಂಗಸು ಹೇಳಿದರು. ಅವರ ಮಾತನ್ನು ನಾನು ಮರೆಯಲಾರೆ. ಟೆಕ್ಸಾಸ್‌ನಲ್ಲಿ 30 ದಿನಗಳೊಳಗೆ ಮಾಲೀಕರಿಗೆ ಗಾಯದ ವಿಷಯ ತಿಳಿಸಬೇಕು. ನಾನು ಅಂದೇ ಸಂಜೆ ಅಪಘಾತದ ವರದಿ ಬರೆದು ಕೊಟ್ಟೆ. ಚಿಕಿತ್ಸೆಯ ಬಿಲ್ ನನಗೆ ಬರಲಿಲ್ಲ.

ಅದೇ ಧೈರ್ಯದಿಂದ ಹಳೆಯದೊಂದನ್ನೂ ಕೇಳಿದೆ. ಜನವರಿಯಲ್ಲಿ ತರಗತಿ ಆರಂಭವಾಗುವ ಮೊದಲಿನ ಶನಿವಾರ ಮೂರು ಗಂಟೆ ಕಡ್ಡಾಯ ತರಬೇತಿ ಕೊಟ್ಟಿದ್ದರು, ಕೂಲಿ ಕೊಟ್ಟಿರಲಿಲ್ಲ. 1938ರ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಕಾಯ್ದೆಯಂತೆ ಕಡ್ಡಾಯ ತರಬೇತಿಯೂ ಕೆಲಸದ ಸಮಯವೇ. ಒಂದು ಪತ್ರ ಬರೆದೆ, ಮುಂದಿನ ಚೀಟಿಯಲ್ಲಿ 33 ಡಾಲರ್ ಬಂತು. ಆದರೆ ತರಗತಿ ನಡೆಯುವ ವಾರಗಳಲ್ಲಿ ‘ಇನ್ನೆರಡು ಗಂಟೆ ನಿಲ್ಲು, ಮುಂದಿನ ವಾರ ಬರೆದುಕೊಳ್ಳೋಣ’ ಎಂದಾಗಲೆಲ್ಲ ನಿರಾಕರಿಸಿದೆ. ವಾರಕ್ಕೆ 20 ಗಂಟೆ ದಾಟಿದರೆ ಕುತ್ತು ಬರುವುದು ವೀಸಾ ಸ್ಥಿತಿಗೆ, ಎರಡು ಕಡೆ ಕೆಲಸವಿದ್ದರೆ ಎರಡರ ಗಂಟೆಗಳನ್ನೂ ಕೂಡಿಸಿಯೇ ಎಣಿಸುತ್ತಾರೆ.

2024ರ ಅಕ್ಟೋಬರ್‌ನಲ್ಲಿ, ಕಳುಹಿಸಿ ಏಳು ತಿಂಗಳಾದ ಮೇಲೆ, ಅಂಚೆಪೆಟ್ಟಿಗೆಯಲ್ಲಿ ಅಮೆರಿಕದ ಖಜಾನೆಯ ಚೆಕ್ ಇತ್ತು. ಆ ವಾರವೇ ಹಾಸನದ ಹುಡುಗಿಯೊಬ್ಬಳು, ನನಗಿಂತ ಒಂದು ವರ್ಷ ಕಿರಿಯಳು, ತನ್ನ ಸಂಬಳದ ಚೀಟಿಯ ಚಿತ್ರ ಕಳುಹಿಸಿ ‘ಇದು ಸರಿಯಿದೆಯೇ’ ಎಂದು ಕೇಳಿದಳು. ಮೆಡಿಕೇರ್‌ನ ಸಾಲಿನಲ್ಲಿ 29 ಡಾಲರ್ ಎಂದಿತ್ತು. ನಾನು ಬರೆದಿದ್ದ ಪತ್ರದ ಪ್ರತಿಯನ್ನು ಅವಳಿಗೆ ಕೊಟ್ಟೆ, ಹೆಸರು ಮತ್ತು ದಿನಾಂಕ ಬದಲಿಸಿ ಅಂದೇ ಕಳುಹಿಸಿದಳು. ಅವಳ ಕಂಪನಿ ಎರಡನೇ ಚೀಟಿಯಲ್ಲೇ ತಿದ್ದಿತು.