ನೋವಿಗೂ ಒಂದು ಟ್ರಿಪ್ ಶೀಟ್

ನಾನು 26 ವರ್ಷ ಬಸ್ ಓಡಿಸಿದವನು. ಅದರಲ್ಲಿ 11 ವರ್ಷ ಹಾಸನ–ಮಂಗಳೂರು ಲೈನು. ಶಿರಾಡಿ ಘಾಟಿಯ ತಿರುವುಗಳು ಈಗಲೂ ಕೈಗೆ ಬಾಯಿಪಾಠ. 49ನೇ ವಯಸ್ಸಿಗೆ ಎಡಗಾಲು ಕೈಕೊಟ್ಟಿತು. ಸೊಂಟದಲ್ಲಿ ಹುಟ್ಟಿ, ತೊಡೆಯ ಹಿಂದೆ ಇಳಿದು, ಮೀನಖಂಡದ ಹೊರಬದಿ ಹಿಡಿದು ಹೆಬ್ಬೆರಳಿನಲ್ಲಿ ಬಂದು ನಿಲ್ಲುವ ನೋವು. ಎಲ್ಲಾ ಸ್ಟಾಪಿನಲ್ಲೂ ನಿಲ್ಲಿಸುವ ಶಟಲ್ ಬಸ್ ಥರ. ಕ್ಲಚ್ ಒತ್ತಿದಾಗಲೆಲ್ಲ ಕರೆಂಟ್ ಹೊಡೆದ ಹಾಗೆ ಆಗುತ್ತಿತ್ತು.

ಎಂಆರ್‌ಐ ಮಾಡಿಸಿದೆ. ಸೊಂಟದ ಎಲ್4–ಎಲ್5 ಮೂಳೆಗಳ ನಡುವಿನ ಡಿಸ್ಕ್ ಉಬ್ಬಿ ನರ ಒತ್ತುತ್ತಿದೆ, ಸಯಾಟಿಕಾ ಅಂದರು. ಆಯುರ್ವೇದದಲ್ಲಿ ಇದಕ್ಕೆ ಗೃಧ್ರಸಿ ಅಂತ ಹೆಸರು. ಗೃಧ್ರ ಅಂದ್ರೆ ರಣಹದ್ದು. ಆ ಹಕ್ಕಿ ನೆಲದ ಮೇಲೆ ಹೇಗೆ ನಡೆಯುತ್ತದೋ ನಾನು ನೋಡಿಲ್ಲ. ಆಗ ನಾನು ನಡೆಯುತ್ತಿದ್ದುದನ್ನು ಮಾತ್ರ ಡಿಪೋದವರೆಲ್ಲ ನೋಡಿದ್ದಾರೆ.

ಎರಡು ವರ್ಷ ದಿನಕ್ಕೆರಡು ಡೈಕ್ಲೋಫೆನಾಕ್ ನೋವಿನ ಮಾತ್ರೆಯಲ್ಲೇ ಡ್ಯೂಟಿ ಮಾಡಿದೆ. ಒಂದು ದಿನ ರಕ್ತ ಪರೀಕ್ಷೆಯಲ್ಲಿ, ಕಿಡ್ನಿ ಸೊರಗಿದರೆ ಏರುವ ಕ್ರಿಯಾಟಿನಿನ್ 1.7 ಬಂತು. "ಕಿಡ್ನಿ ಹಾಳು ಮಾಡ್ಕೋಬೇಡಿ, ಈ ಮಾತ್ರೆ ಇವತ್ತೇ ನಿಲ್ಲಿಸಿ" ಅಂದರು ಡಾಕ್ಟ್ರು. ಕಾಲಿನ ಬಲ ಚೆನ್ನಾಗಿರುವುದರಿಂದ ಆಪರೇಷನ್ ಸದ್ಯಕ್ಕೆ ಬೇಡ ಅಂತಲೂ ಹೇಳಿದರು. ಗಿಡಮೂಲಿಕೆ ಕಡೆ ನಾನು ತಿರುಗಿದ್ದು ಹೀಗೆ. ದೊಡ್ಡ ನಂಬಿಕೆ ಏನೂ ಇರಲಿಲ್ಲ. ಮೇನ್ ರೋಡ್ ಬಂದ್ ಆಗಿತ್ತು, ಅಷ್ಟೇ.

ತಿರುಗಿದ ಮೊದಲ ತಿರುವಿನಲ್ಲೇ ಹಳ್ಳಕ್ಕೆ ಬಿದ್ದೆ. ಜಾತ್ರೆಯಲ್ಲಿ ಟೆಂಟ್ ಹಾಕಿದ್ದ ಒಬ್ಬ, ಬೇರಿನ ಪುಡಿ ಅಂತ ಕಂದು ಬಣ್ಣದ ಪುಡಿ ಕೊಟ್ಟ. ಪ್ಲಾಸ್ಟಿಕ್ ಕವರು, ಮೇಲೆ ಒಂದಕ್ಷರ ಇಲ್ಲ. ಮೂರನೇ ದಿನಕ್ಕೆ ನೋವು ಮಾಯ! ಹಸಿವು ಜಾಸ್ತಿ ಆಯಿತು, ಹುಮ್ಮಸ್ಸೂ ಬಂತು. ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಎರಡು ತಿಂಗಳಲ್ಲಿ ಮುಖ ಪೂರಿಯ ಹಾಗೆ ಊದಿಕೊಂಡಿತು. ಸಕ್ಕರೆ ಕಾಯಿಲೆ ಇಲ್ಲದವನಿಗೆ ಶುಗರ್ 280. ಡಾಕ್ಟ್ರು ಮುಖ ನೋಡಿಯೇ ಕೇಳಿದರು, "ಯಾವ ಪುಡಿ ತಿಂತಿದ್ದೀರಿ?" ದೇಹವೇ ತಯಾರಿಸುವ ಸ್ಟೀರಾಯ್ಡ್ ಆದ ಕಾರ್ಟಿಸೋಲ್‌ನ ಬೆಳಗಿನ ಪರೀಕ್ಷೆ ಮಾಡಿಸಿದರೆ ಅದು ತೀರಾ ಕಡಿಮೆ. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರಲೇಬೇಕು ಅಂದರು. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ದೇಹ ತನ್ನದನ್ನು ತಯಾರಿಸುವುದನ್ನೇ ನಿಲ್ಲಿಸುತ್ತದೆ. ಅದಕ್ಕೇ ಒಮ್ಮೆಲೇ ಬಿಡುವ ಹಾಗೂ ಇಲ್ಲ. ಸ್ಟೀರಾಯ್ಡ್ ಮಾತ್ರೆಯನ್ನೇ ಕೊಟ್ಟು, ಮೂರು ತಿಂಗಳಲ್ಲಿ ಸ್ವಲ್ಪಸ್ವಲ್ಪವೇ ಇಳಿಸಿದರು.

ಆಮೇಲಿಂದ ಒಂದು ನಿಯಮ ಮಾಡಿಕೊಂಡೆ. ಅಂಗಡಿಯಿಂದ ತರುವ ಔಷಧಿಯಾದರೆ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಾದ ದಿನಾಂಕ, ಏನೇನು ಹಾಕಿದ್ದಾರೆ ಅನ್ನುವ ಪಟ್ಟಿ ಇರಬೇಕು. ಮನೆಯಲ್ಲಿ ಮಾಡುವುದಾದರೆ ಗಿಡ ನನ್ನ ಕಣ್ಣಿಗೆ ಕಾಣಬೇಕು. ಮೂರೇ ದಿನದಲ್ಲಿ ಪವಾಡ ಮಾಡುವ ಬೇರನ್ನು ಈಗ ನಾನು ಮುಟ್ಟುವುದಿಲ್ಲ.

ಇನ್ನೊಂದು ಅಭ್ಯಾಸವೂ ಆಗ ಶುರುವಾಯಿತು. ಡ್ರೈವರ್‌ಗೆ ದಿನಾ ಕಿಲೋಮೀಟರ್, ಡೀಸೆಲ್ ಬರೆದಿಡುವ ರೂಢಿ ಅಲ್ವಾ? ನೋವಿಗೂ ಒಂದು ಶೀಟ್ ಮಾಡಿದೆ. ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 9 ಗಂಟೆಗೆ, 0ಯಿಂದ 10ರೊಳಗೆ ಒಂದು ಅಂಕಿ. ಪಕ್ಕದಲ್ಲಿ ಎಷ್ಟು ನಿಮಿಷ ನಡೆದೆ, ರಾತ್ರಿ ಎಷ್ಟು ಸಲ ಎಚ್ಚರ ಆಯಿತು. ಒಂದು ಸಲಕ್ಕೆ ಒಂದೇ ಔಷಧಿ, ಕನಿಷ್ಠ ಎರಡು ವಾರ. ಬಸ್ಸು ಸದ್ದು ಮಾಡಿತು ಅಂತ ಒಳ್ಳೆ ಮೆಕ್ಯಾನಿಕ್ ಒಂದೇ ದಿನ ನಾಲ್ಕು ಪಾರ್ಟ್ ಬದಲಿಸುವುದಿಲ್ಲ. ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಅವನಿಗೂ ಗೊತ್ತಾಗುವುದಿಲ್ಲ.

ಮೊದಲು ಬರೆದದ್ದು ಲಕ್ಕಿ ಸೊಪ್ಪಿನ ಲೆಕ್ಕ. ಮಲೆನಾಡಿನ ಕಡೆ ನೆಕ್ಕಿ ಅಂತಾರೆ. ಹಳ್ಳದ ದಂಡೆ, ಬೇಲಿ ಸಾಲಲ್ಲಿ ತಾನೇ ಬೆಳೆಯುತ್ತದೆ. ಒಂದು ತೊಟ್ಟಿಗೆ ಮೂರೋ ಐದೋ ಎಲೆ, ಎಲೆಯ ಅಡಿ ಬೂದಿ ಬಳಿದ ಹಾಗೆ ಬಿಳಿ. ಕಾಳಿಗೆ ಹುಳ ಬೀಳದಿರಲಿ ಅಂತ ನಮ್ಮಜ್ಜಿ ಇದನ್ನು ಕಣಜದಲ್ಲಿ ಹಾಕುತ್ತಿದ್ದರು. ಇದರಿಂದ ಶಾಖ ಕೊಡುವ ಗಂಟು ಕಟ್ಟುವುದನ್ನು ಹೇಳಿಕೊಟ್ಟವಳು ನಮ್ಮ ಚಿಕ್ಕಮ್ಮ.

ಎರಡು ಬೊಗಸೆ ಲಕ್ಕಿ ಸೊಪ್ಪು, ಒಂದು ಬೊಗಸೆ ಹರಳು ಗಿಡದ ಎಲೆ, ಒಂದು ಹಿಡಿ ನುಗ್ಗೆ ಸೊಪ್ಪು. ತೊಳೆದು, ನೀರು ಪೂರ್ತಿ ಆರಿಸಿ, ಒರಟಾಗಿ ಹೆಚ್ಚಬೇಕು. ಕಬ್ಬಿಣದ ಬಾಣಲೆಗೆ ಎಳ್ಳೆಣ್ಣೆ ಹಾಕಿ ಅರ್ಧ ಹೋಳು ತೆಂಗಿನತುರಿ, ಬಿಲ್ಲೆ ಮಾಡಿದ ಎರಡು ನಿಂಬೆಹಣ್ಣು ಬಾಡಿಸಬೇಕು. ತುರಿ ಕೆಂಪಾಗುವಾಗ ಸೊಪ್ಪು. ಎಲೆ ಸುರುಟಿಕೊಂಡು ಚಟಚಟ ಅನ್ನುವಾಗ ಇಳಿಸಬೇಕು. ಆಗ ಏಳುವ ವಾಸನೆ ಇದೆಯಲ್ಲ, ಅರ್ಧ ಕರ್ಪೂರ, ಅರ್ಧ ಕೊಬ್ಬರಿ ಮಿಠಾಯಿ. ಪಕ್ಕದ ಮನೆಯವರು "ಏನ್ ಸ್ಪೆಷಲ್ಲು?" ಅಂತ ಕೇಳಿದ್ದೂ ಉಂಟು. ಹಳೇ ಪಂಚೆ ಹರಿದು ಎರಡು ಗಂಟು ಕಟ್ಟಬೇಕು, ಹಿಡಿಯೋಕೆ ಜುಟ್ಟು ಬಿಡಬೇಕು. ಬಿಸಿ ಎಣ್ಣೆಯಲ್ಲಿ ಅದ್ದಿ ಒಂದಾದ ಮೇಲೊಂದು ಸೊಂಟಕ್ಕೆ, ತೊಡೆಗೆ, ಮೀನಖಂಡಕ್ಕೆ 20 ನಿಮಿಷ.

ಬಿಸಿಯನ್ನು ಮೊದಲು ಮುಂಗೈ ಮೇಲೆ ನೋಡಬೇಕು. ಅದೂ ಬೇರೆಯವರ ಮುಂಗೈ! ನನ್ನ ಮೀನಖಂಡದ ಹೊರಬದಿ ಮರಗಟ್ಟಿರುತ್ತದೆ. ಮೊದಲ ದಿನ ನಾನೇ ಒತ್ತಿಕೊಂಡೆ, ಹಿತವಾಗಿದೆ ಅಂದುಕೊಂಡೆ. ರಾತ್ರಿ ನೋಡಿದರೆ ನೆಲ್ಲಿಕಾಯಿ ಗಾತ್ರದ ಬೊಕ್ಕೆ. ಅವತ್ತಿಂದ ಗಂಟು ನನ್ನ ಹೆಂಡತಿಯ ಕೈಗೆ ಹೋಯಿತು. "ನಿಮ್ಮ ಕಾಲಿಗೆ ಬ್ರೇಕೂ ಇಲ್ಲ, ಮೀಟರೂ ಇಲ್ಲ ಕಣ್ರೀ" ಅಂದಳು. ಶುಗರ್‌ನಿಂದ ಕಾಲು ಜೋಮು ಹಿಡಿದಿರುವವರೂ ಇದನ್ನು ನೆನಪಿಡಿ.

ಶೀಟ್ ಏನು ಹೇಳಿತು? 7 ಇದ್ದ ನೋವು 5ಕ್ಕೆ ಇಳಿಯುತ್ತಿತ್ತು. ಸುಮಾರು ಒಂದೂವರೆ ಗಂಟೆ ಹಾಗೇ ಇರುತ್ತಿತ್ತು, ಆಮೇಲೆ ಮತ್ತೆ ಏರುತ್ತಿತ್ತು. ಮೊದಲು ಬೇಜಾರಾಯಿತು. ಆಮೇಲೆ ಫಿಸಿಯೋಥೆರಪಿಯವರು ಹೇಳಿದ್ದು ತಲೆಗೆ ಹತ್ತಿತು. ಮಲಗಿದಷ್ಟೂ ಸೊಂಟ ಬಿಗಿಯುತ್ತದೆ, ನೋವು ಕಡಿಮೆ ಇರುವ ಹೊತ್ತಲ್ಲೇ ವ್ಯಾಯಾಮ ಮುಗಿಸಿ ಅಂದಿದ್ದರು. ಆ ಒಂದೂವರೆ ಗಂಟೆಗೆ ಟೈಮಿಂಗ್ ಹಾಕಿದೆ. ಶಾಖ ಮುಗಿದ ಕೂಡಲೇ ಬೋರಲು ಮಲಗಿ ಎದೆ ಎತ್ತುವ ವ್ಯಾಯಾಮ ಹತ್ತು ಸಲ, ಆಮೇಲೆ ಕೆರೆ ಏರಿ ಮೇಲೆ ನಡಿಗೆ. ಮೊದಲ ವಾರ 6 ನಿಮಿಷ. ಮೂರನೇ ತಿಂಗಳಿಗೆ 35 ನಿಮಿಷ. ಲಕ್ಕಿ ಸೊಪ್ಪು ನನ್ನ ನೋವು ತೆಗೆಯಲಿಲ್ಲ, ನಡೆಯೋಕೆ ಹೊತ್ತು ಕೊಟ್ಟಿತು. ನಡೆದಿದ್ದರಿಂದ ನೋವು ಇಳಿಯಿತು. ಗಿಡಮೂಲಿಕೆ ಬಗ್ಗೆ ನನಗೆ ಹೇಳುವುದಿರುವುದು ಮುಖ್ಯವಾಗಿ ಇಷ್ಟೇ.

ಕೆಲಸ ಮಾಡಿದ್ದು ಸೊಪ್ಪೋ ಬಿಸಿಯೋ ಅನ್ನುವ ಅನುಮಾನವೂ ಇತ್ತು. ಎರಡು ವಾರ ಬರೀ ಬಿಸಿನೀರಿನ ಬ್ಯಾಗ್ ಇಟ್ಟು ನೋಡಿದೆ. ಆಗಲೂ 5ಕ್ಕೆ ಇಳಿಯಿತು, ಆದರೆ ಮುಕ್ಕಾಲು ಗಂಟೆಯಲ್ಲೇ ವಾಪಸ್. ಅರ್ಧ ಕೆಲಸ ಬಿಸಿಯದ್ದೇ ಅಂತ ಲೆಕ್ಕ. ಚಿಕ್ಕಮ್ಮನಿಗೆ ಹೇಳಿದೆ. "ಆ ರಬ್ಬರ್ ಚೀಲ ಇಂಥ ಘಮ ಕೊಡುತ್ತೇನೋ ಮಗ?" ಅಂದಳು. ಅದಕ್ಕೆ ನನ್ನ ಶೀಟಿನಲ್ಲಿ ಕಾಲಂ ಇರಲಿಲ್ಲ.

ಪಾರಿಜಾತದ ಎಲೆ ಕಷಾಯ ಬೇಗ ಮುಗಿಸುತ್ತೇನೆ. ಗೃಧ್ರಸಿಗೆ ಇದನ್ನು ಸಣ್ಣ ಉರಿಯಲ್ಲಿ ಕುದಿಸಿ ಕುಡಿಯಬೇಕು ಅಂತ ಹಳೇ ವೈದ್ಯಗ್ರಂಥದಲ್ಲೇ ಇದೆಯೆಂದು ಊರಿನ ಆಯುರ್ವೇದ ವೈದ್ಯರು ಹೇಳಿದರು. ಎಂಟು ಎಲೆ, ಎರಡು ಲೋಟ ನೀರು, ಅರ್ಧ ಲೋಟಕ್ಕೆ ಬತ್ತಿಸಿದ್ದು. ಬೇವೇ ಸಿಹಿ ಅನ್ನಿಸುವಷ್ಟು ಕಹಿ. ಎರಡು ವಾರದಲ್ಲಿ ನನ್ನ ಅಂಕಿ ಕದಲಲಿಲ್ಲ. ಬಿಟ್ಟೆ. ಇದರಿಂದಲೇ ಗುಣ ಆಯಿತು ಅನ್ನುವವರು ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ, ಅವರ ಹತ್ತಿರ ಜಗಳಕ್ಕೆ ಹೋಗಲ್ಲ.

ಹರಳೆಣ್ಣೆಯ ಕಥೆ ಬೇರೆ. ಶುಂಠಿ ಕಷಾಯದಲ್ಲಿ ಎರಡು ಚಮಚ ಹಾಕಿ ರಾತ್ರಿ ಕುಡಿಯಬೇಕು. ಮರುದಿನ ವಾರದ ರಜೆ ಅಂತ ಧೈರ್ಯವಾಗಿ ಕುಡಿದೆ. ಬೆಳಿಗ್ಗೆ 5ಕ್ಕೆ ಡಿಪೋದಿಂದ ಫೋನು, ಒಬ್ಬ ಡ್ರೈವರ್ ಬಂದಿಲ್ಲ, ನೀವೇ ಬನ್ನಿ. ಸಕಲೇಶಪುರ ಬಸ್‌ಸ್ಟ್ಯಾಂಡಿನಲ್ಲಿ ಅವತ್ತು ಬಸ್ಸು ಎಷ್ಟು ಹೊತ್ತು ನಿಂತಿತ್ತು ಅಂತ ಕಂಡಕ್ಟರ್‌ಗೆ ಮಾತ್ರ ಗೊತ್ತು. ಆದರೂ ಒಂದು ವಿಷಯ ತಿಳಿಯಿತು. ಹೊಟ್ಟೆ ಸಲೀಸಾದ ದಿನ ಕಾಲಿನ ನೋವು ಕಡಿಮೆ. ಮಲಬದ್ಧತೆಯಲ್ಲಿ ಮುಕ್ಕಿದರೆ ಡಿಸ್ಕ್ ಮೇಲೆ ಒತ್ತಡ ಬೀಳುತ್ತದೆ ಅಂತ ಡಾಕ್ಟ್ರೂ ಒಪ್ಪಿದರು. ಈಗ ಹರಳೆಣ್ಣೆ ಇಲ್ಲ. ರಾತ್ರಿ ಇಸಬ್‌ಗೋಲ್, ಊಟಕ್ಕೆ ಸೊಪ್ಪಿನ ಪಲ್ಯ.

ಅರಿಶಿನದ ಹಾಲು ಕುಡಿಯಿರಿ ಅಂತ ಹೇಳದವರೇ ಇಲ್ಲ. ಸೊಸೆ ಬಿ.ಫಾರ್ಮಾ ಓದಿದವಳು, ಅವಳು ಲೆಕ್ಕ ಬಿಡಿಸಿಟ್ಟಳು. ಅಡುಗೆ ಅರಿಶಿನದಲ್ಲಿ ಔಷಧಿಯ ಅಂಶವಾದ ಕರ್ಕ್ಯುಮಿನ್ ಸುಮಾರು ನೂರಕ್ಕೆ ಮೂರು ಪಾಲು. ಒಂದು ಚಮಚದಲ್ಲಿ ಸಿಗುವುದು 100 ಮಿಲಿಗ್ರಾಂ ಆಸುಪಾಸು, ಅದೂ ರಕ್ತಕ್ಕೆ ಸೇರುವುದು ಅತ್ಯಲ್ಪ. ಕಾಳುಮೆಣಸಿನ ಪೈಪರಿನ್ ಜೊತೆಗಿದ್ದರೆ ಜಾಸ್ತಿ ಸೇರುತ್ತದೆ. ಇದನ್ನು ಮನುಷ್ಯರಲ್ಲಿ ಅಳೆದು ತೋರಿಸಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ, 1998ರಲ್ಲಿ ಪ್ರಕಟವಾದ ಅಧ್ಯಯನ. 2 ಗ್ರಾಂ ಕರ್ಕ್ಯುಮಿನ್‌ಗೆ 20 ಮಿಲಿಗ್ರಾಂ ಪೈಪರಿನ್ ಸೇರಿಸಿದಾಗ 20 ಪಟ್ಟು. ಖುಷಿಯಿಂದ ಕ್ಯಾಪ್ಸೂಲ್ ಡಬ್ಬಿ ತಂದೆ. ಡಾಕ್ಟ್ರು ಬೇಡ ಅಂದರು. ಅರಿಶಿನದಲ್ಲಿ ಕಿಡ್ನಿಗೆ ಆಗದ ಆಕ್ಸಲೇಟ್ ಜಾಸ್ತಿ, ನನ್ನ ಕಿಡ್ನಿ ಮೊದಲೇ ಸೊರಗಿದೆ. ಪೈಪರಿನ್ ಕರ್ಕ್ಯುಮಿನ್‌ಗೆ ತೆಗೆದ ಬಾಗಿಲಲ್ಲೇ ಬೇರೆ ಮಾತ್ರೆಗಳೂ ಹೆಚ್ಚಾಗಿ ನುಗ್ಗಬಹುದು. ಇಂಥ ಕ್ಯಾಪ್ಸೂಲ್‌ನಿಂದ ಲಿವರ್‌ಗೆ ಪೆಟ್ಟಾದ ವರದಿಗಳೂ ಇವೆ. ರಕ್ತ ತೆಳು ಮಾಡುವ ವಾರ್ಫರಿನ್ ತಗೊಳ್ಳುವ ನಮ್ಮಣ್ಣನಿಗಂತೂ ಕಡ್ಡಾಯವಾಗಿ ಬೇಡ ಅಂದರು. ನನ್ನ ಅರಿಶಿನ ಸಾರಿನಲ್ಲೇ ಉಳಿಯಿತು.

ಮಂಡಿಗೆ ಮಾತ್ರ ಶಲ್ಲಕಿ ಒಗ್ಗಿತು. ಸಯಾಟಿಕಾ ಜೊತೆಗೆ ಮಂಡಿ ಸವೆತವೂ ಇದೆ ನನಗೆ. ಶಲ್ಲಕಿ ಅಂದ್ರೆ ಒಂದು ಮರದ ಅಂಟು, ಧೂಪಕ್ಕೆ ಹಾಕುವ ಜಾತಿಯದು. ನಾಗಪುರದಲ್ಲಿ ಮಂಡಿ ಸವೆತದ 30 ಜನರ ಮೇಲೆ ಮಾಡಿ 2003ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಸೊಸೆಯೇ ಓದಿ ಹೇಳಿದಳು. 30 ಜನ ಅಂದರೆ ಮುಕ್ಕಾಲು ಬಸ್ಸೂ ಅಲ್ಲ. ಆದರೂ ಡಾಕ್ಟ್ರಿಗೆ ಹೇಳಿ, ಲೇಬಲ್ ನೋಡಿ ತಂದು, ಎಂಟು ವಾರ ತಗೊಂಡೆ. ಮಂಡಿ 5ರಿಂದ 3ಕ್ಕೆ ಬಂತು. ನರದ ನೋವಿಗೆ ಏನೂ ಆಗಲಿಲ್ಲ. ಎರಡೂ ಒಂದೇ ಕಾಲಿನಲ್ಲಿದ್ದರೂ ಬೇರೆಬೇರೆ ನೋವು ಅಂತ ಅರ್ಥವಾಗಿದ್ದು ಆವಾಗಲೇ.

ನರದ ಉರಿಗೆ ಒದಗಿದ್ದು ಮೆಣಸಿನಕಾಯಿ. ಅದರ ಖಾರದ ಅಂಶವಾದ ಕ್ಯಾಪ್ಸೈಸಿನ್‌ನ ಕ್ರೀಮ್ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ಮೆಣಸಿನಕಾಯಿ ಖಾರವನ್ನೂ ಬೆಂಕಿಯ ಬಿಸಿಯನ್ನೂ ನರ ಒಂದೇ ಬಾಗಿಲಲ್ಲಿ ತಿಳಿಯುತ್ತದಂತೆ. ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಮತ್ತೆಮತ್ತೆ ಹಚ್ಚಿದರೆ ಆ ನರತುದಿ ಸುಸ್ತಾಗಿ ಸುಮ್ಮನಾಗುತ್ತದೆ. ಹಾಗಂತ ಮನೆಯಲ್ಲಿ ಮೆಣಸಿನಪುಡಿ ಎಣ್ಣೆಗೆ ಹಾಕಿ ಹಚ್ಚಬೇಡಿ. ಬ್ಯಾಡಗಿಯಲ್ಲಿ ಬಣ್ಣವೇ ಜಾಸ್ತಿ, ಗುಂಟೂರಿನಲ್ಲಿ ಖಾರವೇ ಜಾಸ್ತಿ, ಅಳತೆ ಸಿಗುವುದಿಲ್ಲ. ಮೊದಲ ವಾರ ಉರಿಯೋ ಉರಿ. ಒಂದು ದಿನ ಹಚ್ಚಿದ ಕೈಯಲ್ಲೇ ಕಣ್ಣು ಉಜ್ಜಿಕೊಂಡು ಅಂಗಳದಲ್ಲಿ ಕುಣಿದಿದ್ದೇನೆ. ಖಾರ ಬರೀ ನೀರಿಗೆ ಹೋಗಲ್ಲ. ಕೈಗೆ ಮೊದಲು ಕೊಬ್ಬರಿ ಎಣ್ಣೆ ಉಜ್ಜಿ, ಆಮೇಲೆ ಸೋಪು. ಮೂರನೇ ವಾರದಿಂದ ಪಾದದ ಉರಿ ಇಳಿಯಿತು, ರಾತ್ರಿ ನಾಲ್ಕು ಸಲ ಏಳುತ್ತಿದ್ದವನು ಒಂದು ಸಲಕ್ಕೆ ಬಂದೆ.

ಈಗ ನನಗೆ 61. ಹೆಚ್ಚಿನ ದಿನ ಅಂಕಿ 3 ಅಥವಾ 4. ರಾತ್ರಿ ಡಾಕ್ಟ್ರು ಕೊಟ್ಟ ನರದ ನೋವಿನ ಔಷಧಿ ಪ್ರೀಗ್ಯಾಬಲಿನ್ 75 ಮಿಲಿಗ್ರಾಂ ಇದ್ದೇ ಇದೆ. ಎರಡು ಸಲ ನನ್ನ ಪಾಡಿಗೆ ನಾನೇ ಬಿಟ್ಟು ನೋಡಿದೆ, ಎರಡು ಸಲವೂ ಬೈಸಿಕೊಂಡೆ. ಕ್ರಿಯಾಟಿನಿನ್ 1.3ಕ್ಕೆ ಬಂದಿದೆ. ಶೀಟಿನ ಮೊದಲ ಪುಟದಲ್ಲಿ ಕೆಂಪು ಪೆನ್ನಿನಲ್ಲಿ ಬರೆದುಕೊಂಡಿದ್ದೇನೆ: ಮೂತ್ರ ಹಿಡಿತ ತಪ್ಪಿದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲು ಆಗದಿದ್ದರೆ, ಆ ದಿನ ಸೊಪ್ಪೂ ಇಲ್ಲ ಕಷಾಯವೂ ಇಲ್ಲ, ಸೀದಾ ಎಮರ್ಜೆನ್ಸಿ.

ಹೋದ ತಿಂಗಳು ಸಕಲೇಶಪುರದ ಗುಟ್ಟು ಕಾಪಾಡಿದ್ದ ಅದೇ ಕಂಡಕ್ಟರ್ ಕುಂಟುತ್ತಾ ಮನೆಗೆ ಬಂದ. ಕಾಂಪೌಂಡಿನ ಲಕ್ಕಿ ಗಿಡದಿಂದ ಒಂದು ಕೈಚೀಲ ಸೊಪ್ಪು ಕೊಯ್ದುಕೊಟ್ಟೆ. "ಅಣ್ಣಾ, ಎಷ್ಟು ದಿನಕ್ಕೆ ವಾಸಿ ಆಗುತ್ತೆ?" ಅಂದ. ನನ್ನ ಶೀಟುಗಳ ಕಟ್ಟು ತೆಗೆದು ಅವನ ಮುಂದಿಟ್ಟೆ. ಟಿಕೆಟ್ ಲೆಕ್ಕ ನೋಡಿದ ಹಾಗೆ ಬೆರಳು ಒದ್ದೆ ಮಾಡಿಕೊಂಡು ಒಂದೊಂದೇ ಹಾಳೆ ತಿರುವಿದ. ಕೊನೆಗೆ ಕೇಳಿದ, "ಖಾಲಿ ಶೀಟ್ ಒಂದೆರಡು ಇದೆಯಾ?"