ಸಮಾರಿಯಾ ಕಮರಿ: ಬೆಟ್ಟದ ನೆತ್ತಿಯಿಂದ ಸಮುದ್ರಕ್ಕೆ ಒಂದೇ ದಿನದಲ್ಲಿ ಇಳಿಯುವುದು ಹೇಗೆ

ಗ್ರೀಸ್‌ನ ಕ್ರೀಟ್ ದ್ವೀಪದಲ್ಲಿರುವ ಸಮಾರಿಯಾ ಕಮರಿಯ ಮಾತು ಬಂದಾಗಲೆಲ್ಲ ಜನ ಕೇಳುವ ಮೊದಲ ಪ್ರಶ್ನೆ, "ಹತ್ತೋದು ಎಷ್ಟಿದೆ?" ಹತ್ತೋದು ಇಲ್ಲವೇ ಇಲ್ಲ ಅಂದರೂ ಸರಿಯೇ. ಬೆಳಿಗ್ಗೆ ಸುಮಾರು 1,230 ಮೀಟರ್ ಎತ್ತರದಲ್ಲಿ ಶುರು ಮಾಡುತ್ತೀರಿ, ಮಧ್ಯಾಹ್ನದ ಹೊತ್ತಿಗೆ ಲಿಬಿಯನ್ ಸಮುದ್ರದ ದಂಡೆಯಲ್ಲಿ ಇರುತ್ತೀರಿ. ಒಟ್ಟು 16 ಕಿಲೋಮೀಟರ್, ಪೂರ್ತಿ ಇಳಿಜಾರು. ಇಳಿಯೋದು ತಾನೇ ಅಂತ ಹಗುರವಾಗಿ ತೆಗೆದುಕೊಂಡು ಹೋದವರೇ ಕೊನೆಗೆ ಕುಂಟುತ್ತಾ ಬರೋದು. ನಾನೂ ಹಾಗೇ ಬಂದೆ. ಉಸಿರಿಗೆ ಏನೂ ತೊಂದರೆ ಆಗಲಿಲ್ಲ, ಮೊಣಕಾಲು ಮಾತ್ರ ಮೂರು ದಿನ ನನ್ನ ಮಾತು ಕೇಳಲಿಲ್ಲ, ಬಲಗಾಲಿನ ಹೆಬ್ಬೆರಳಿನ ಉಗುರು ಕಪ್ಪಗಾಗಿ ಕೊನೆಗೆ ಬಿದ್ದೇ ಹೋಯಿತು.

ಗೈಡ್ ಬೇಕಾ, ಸುಮ್ನೆ ನಾವೇ ಹೋಗಬಹುದಾ? ದಾರಿ ತಪ್ಪುವ ಭಯಕ್ಕಾದರೆ ಗೈಡ್ ಬೇಕಿಲ್ಲ. ಎರಡೂ ಕಡೆ ಗೋಡೆ, ನಡುವೆ ಒಂದೇ ದಾರಿ, ತಪ್ಪೋಣ ಅಂದರೂ ಜಾಗವಿಲ್ಲ. ತಲೆನೋವು ಇರೋದು ಬೇರೆ ಕಡೆ. ನಡಿಗೆ ಶುರುವಾಗುವ ಜಾಗ ಬೆಟ್ಟದ ಮೇಲೆ, ಮುಗಿಯುವ ಜಾಗ ಸಮುದ್ರದ ಪಕ್ಕ. ಮುಗಿಯುವ ಊರು ಆಯಿಯಾ ರೂಮೆಲಿಗೆ ವಾಹನ ಹೋಗುವ ರಸ್ತೆಯೇ ಇಲ್ಲ, ಅಲ್ಲಿಂದ ಹೊರಡಬೇಕಾದರೆ ದೋಣಿಯೇ ಗತಿ. ದೋಣಿ ನಿಮ್ಮನ್ನು ಸೂಯಾ ಅಥವಾ ಹೋರಾ ಸ್ಫಾಕಿಯೋನ್ ಅನ್ನೋ ಊರಿಗೆ ಬಿಡುತ್ತದೆ, ಅಲ್ಲಿಂದ ಮತ್ತೆ ಬಸ್ಸು. ಸ್ವಂತ ಕಾರು ತಂದು ಮೇಲೆ ನಿಲ್ಲಿಸಿದರೆ ಸಂಜೆ ಅದು ಬೆಟ್ಟದ ಆ ಕಡೆ, ನೀವು ಈ ಕಡೆ. ಗುಂಪಿನ ಜೊತೆ ಹೋದರೆ ಬಸ್ಸು ಬೆಳಿಗ್ಗೆ ಮೇಲೆ ಇಳಿಸಿ, ಸುತ್ತು ಹಾಕಿಕೊಂಡು ಬಂದು, ಸಂಜೆ ದೋಣಿ ನಿಲ್ಲುವ ಊರಲ್ಲಿ ಕಾಯುತ್ತಿರುತ್ತದೆ. ನನ್ನ ಲೆಕ್ಕದಲ್ಲಿ ನಾವು ದುಡ್ಡು ಕೊಡೋದು ಗೈಡ್‌ಗಿಂತ ಹೆಚ್ಚಾಗಿ ಆ ಬಸ್ಸಿಗೆ.

ಬುಕ್ ಮಾಡುವಾಗ ಒಂದು ವಿಷಯ ಬಾಯಿಬಿಟ್ಟು ಕೇಳಿ: ಪಾರ್ಕಿನ ಟಿಕೆಟ್ ಮತ್ತು ದೋಣಿಯ ಟಿಕೆಟ್ ಇದರಲ್ಲೇ ಸೇರಿದೆಯಾ? ಎಷ್ಟೋ ಕಡೆ ಸೇರಿರುವುದಿಲ್ಲ, ಅಗ್ಗ ಅಂತ ಕಂಡ ದರ ಅದರಿಂದಲೇ ಅಗ್ಗ. ಯೂರೋ ನೋಟುಗಳು ಸ್ವಲ್ಪ ಕೈಯಲ್ಲಿರಲಿ, ಕಮರಿಯ ಒಳಗೆ ಅಂಗಡಿಯೂ ಇಲ್ಲ, ಎಟಿಎಂ ಅಂತೂ ಕೇಳಲೇಬೇಡಿ. ಇನ್ನೊಂದು ಪ್ರಶ್ನೆ, ಗೈಡ್ ಎಲ್ಲಿ ನಡೆಯುತ್ತಾರೆ? ಸಾಮಾನ್ಯವಾಗಿ ಅವರು ಎಲ್ಲರಿಗಿಂತ ಹಿಂದೆ ಇರುತ್ತಾರೆ, ನಿಮ್ಮ ವೇಗದಲ್ಲಿ ನೀವು ಹೋಗಬಹುದು. ದಾರಿಯುದ್ದಕ್ಕೂ ಕತೆ ಹೇಳುತ್ತಾ ಪಕ್ಕದಲ್ಲೇ ಬರುತ್ತಾರೆ ಅಂದುಕೊಂಡಿದ್ದರೆ ಬೇಜಾರಾಗುತ್ತದೆ. ಹಾಗಾಗಿ ಬಸ್ಸಿನಲ್ಲಿ ಮೈಕ್ ಹಿಡಿದು ಅವರು ಹೇಳೋದನ್ನು ನಿದ್ದೆಗಣ್ಣಲ್ಲಾದರೂ ಕೇಳಿಸಿಕೊಳ್ಳಿ. ಕೆಳಗೆ ಎಷ್ಟು ಗಂಟೆಗೆ, ಯಾವ ಹೋಟೆಲಿನ ಮುಂದೆ ಸೇರಬೇಕು, ದೋಣಿ ಯಾವ ಊರಿಗೆ ಹೋಗೋದು, ಈ ಮೂರನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಒಂದೇ ಸಂಜೆ ಎರಡು ದಿಕ್ಕಿಗೆ ದೋಣಿ ಹೊರಡುತ್ತವೆ, ತಪ್ಪು ದೋಣಿ ಹತ್ತಿದರೆ ನಿಮ್ಮ ಬಸ್ಸು ಇನ್ನೊಂದು ಊರಲ್ಲಿ ಕಾಯುತ್ತಾ ಇರುತ್ತದೆ.

ಯಾವಾಗ ಹೋಗೋದು? ಕಮರಿ ತೆರೆದಿರೋದು ಸಾಮಾನ್ಯವಾಗಿ ಮೇ ತಿಂಗಳಿಂದ ಅಕ್ಟೋಬರ್ ಕೊನೆಯವರೆಗೆ. ಮಳೆ ಬಂದರೆ ಕಲ್ಲು ಉರುಳುತ್ತವೆ, ನೀರು ಏರುತ್ತದೆ, ಆಗ ಆ ದಿನ ಮುಚ್ಚಿಬಿಡುತ್ತಾರೆ. ತೀರಾ ಬಿಸಿಲಿದ್ದರೂ ಮುಚ್ಚುವುದುಂಟು. ಆದ್ದರಿಂದ ವಾಪಸ್ ವಿಮಾನದ ಹಿಂದಿನ ದಿನಕ್ಕೆ ಇದನ್ನು ಇಟ್ಟುಕೊಳ್ಳಬೇಡಿ, ಪ್ರವಾಸದ ಮೊದಲ ಭಾಗದಲ್ಲೇ ಇಡಿ, ಮುಚ್ಚಿದರೆ ಇನ್ನೊಂದು ದಿನ ಕೈಯಲ್ಲಿರುತ್ತದೆ. ಮೇ ತಿಂಗಳಲ್ಲಿ ಹೂವು, ತೊರೆ ತುಂಬಾ ನೀರು. ಜುಲೈ, ಆಗಸ್ಟ್‌ನಲ್ಲಿ ಬಿಸಿಲು ಮತ್ತು ಜನಜಂಗುಳಿ. ನನ್ನನ್ನು ಕೇಳಿದರೆ ಮೇ ಕೊನೆ ಅಥವಾ ಸೆಪ್ಟೆಂಬರ್ ಕೊನೆ.

ಈಗ ಕಾಲಿನ ವಿಷಯ. ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಯಾಕೆಂದರೆ ನಿಮ್ಮ ದಿನ ಚೆನ್ನಾಗಿರುತ್ತಾ ಇಲ್ವಾ ಅನ್ನೋದು ಇದರ ಮೇಲೇ ನಿಂತಿದೆ. ಇಳಿಯುವಾಗ ಪ್ರತಿ ಹೆಜ್ಜೆಗೂ ಪಾದ ಶೂ ಒಳಗೆ ಮುಂದಕ್ಕೆ ಜಾರುತ್ತದೆ, ಬೆರಳ ತುದಿ ಹೋಗಿ ಶೂವಿನ ಮೂತಿಗೆ ಬಡಿಯುತ್ತದೆ. ಒಂದು ಸಲ ಬಡಿದರೆ ಗೊತ್ತೂ ಆಗೋದಿಲ್ಲ, ಸಾವಿರಾರು ಸಲ ಬಡಿದರೆ ಉಗುರು ಹೋಗುತ್ತದೆ. ಆದ್ದರಿಂದ ಎರಡು ಮೂರು ದಿನ ಮೊದಲೇ ಉಗುರು ಗಿಡ್ಡ ಮಾಡಿಕೊಳ್ಳಿ. ಹಿಂದಿನ ರಾತ್ರಿ ಕತ್ತರಿಸಿದರೆ ಅಂಚು ಚುಚ್ಚುತ್ತಿರುತ್ತದೆ. ಶೂ ಹೊಸದಾಗಿರಬಾರದು, ತಳ ದಪ್ಪ ಇರಬೇಕು, ಮುಂದೆ ಒಂದು ಬೆರಳಷ್ಟು ಜಾಗ ಬೇಕು. ಲೇಸ್ ಕಟ್ಟುವಾಗ ಮೊದಲು ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಪಾದವನ್ನು ಹಿಂದಕ್ಕೆ ಕೂರಿಸಿ. ಆಮೇಲೆ ಮೇಲಿನ ಕೊನೆಯ ಎರಡು ತೂತುಗಳಿಗೆ ಬಂದಾಗ ಲೇಸನ್ನು ಅಡ್ಡ ಹಾಯಿಸಬೇಡಿ, ಅದೇ ಬದಿಯ ಮೇಲಿನ ತೂತಿಗೆ ಪೋಣಿಸಿ ಒಂದು ಚಿಕ್ಕ ಕುಣಿಕೆ ಬಿಡಿ. ಎರಡೂ ಬದಿ ಹಾಗೆ ಮಾಡಿ, ಎಡದ ಲೇಸನ್ನು ಬಲದ ಕುಣಿಕೆಯಲ್ಲೂ ಬಲದ್ದನ್ನು ಎಡದ ಕುಣಿಕೆಯಲ್ಲೂ ತೂರಿಸಿ ಎಳೆದು ಕಟ್ಟಿ. ಹಿಮ್ಮಡಿ ಕಚ್ಚಿ ಕೂರುತ್ತದೆ, ಬೆರಳು ಮುಂದಕ್ಕೆ ಹೋಗೋದಿಲ್ಲ. ಇದು ನನಗೆ ಗೊತ್ತಾಗಿದ್ದು ಉಗುರು ಹೋದ ಮೇಲೆ.

ಮೊಣಕಾಲಿಗೆ ಊರುಗೋಲು ಹಿಡಿಯಿರಿ. ನಾಚಿಕೆ ಬೇಡ, ಅಲ್ಲಿ ಇಪ್ಪತ್ತರ ಹುಡುಗರೂ ಹಿಡಿದಿರುತ್ತಾರೆ. ಇಳಿಯುವಾಗ ಕೋಲನ್ನು ಸ್ವಲ್ಪ ಉದ್ದ ಮಾಡಿ, ಕಾಲಿಗಿಂತ ಮೊದಲು ಕೋಲು ಊರಿ, ಹೆಜ್ಜೆ ಚಿಕ್ಕದಾಗಿ ಇಡಿ.

ಚೀಲ ಹಗುರವಾಗಿರಲಿ. ಒಂದು ಲೀಟರಿನ ಬಾಟಲಿ ಸಾಕು, ದಾರಿಯಲ್ಲಿ ಅಲ್ಲಲ್ಲಿ ಕುಡಿಯುವ ನೀರಿನ ಚಿಲುಮೆಗಳಿವೆ, ತಣ್ಣಗೆ ಚೆನ್ನಾಗಿವೆ, ಸಿಕ್ಕಲ್ಲೆಲ್ಲ ತುಂಬಿಕೊಳ್ಳಿ. ನಮ್ಮ ಗುಂಪಿನ ಒಬ್ಬರು ನಾಲ್ಕು ಲೀಟರ್ ಹೊತ್ತು ತಂದು ಮೊದಲ ಚಿಲುಮೆಯ ಪಕ್ಕದಲ್ಲೇ ಮೂರು ಲೀಟರ್ ಚೆಲ್ಲಿದರು. ಊಟ ಮಾತ್ರ ನೀವೇ ಒಯ್ಯಬೇಕು. ಬ್ರೆಡ್ಡು, ಹಣ್ಣು, ಉಪ್ಪು ಹಾಕಿದ ಬೀಜಗಳು, ಏನಾದರೂ ಸರಿ. ಟೋಪಿ, ಸನ್‌ಸ್ಕ್ರೀನ್, ಬೆಳಗಿನ ಚಳಿಗೆ ತೆಳು ಜಾಕೆಟ್, ಈಜುವ ಬಟ್ಟೆ, ಹಗುರವಾದ ಚಪ್ಪಲಿ. ಚಪ್ಪಲಿ ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಕ್ರೀಟ್‌ನ ಹಾನಿಯಾ ನಗರದ ಕಡೆಯಿಂದ ಬಸ್ಸು ಕತ್ತಲಿರುವಾಗಲೇ ಹೊರಡುತ್ತದೆ. ಅಂಕುಡೊಂಕು ರಸ್ತೆ, ವಾಂತಿ ಬರುವವರು ಮುಂದಿನ ಸೀಟು ಹಿಡಿಯಿರಿ. ಓಮಾಲೋಸ್ ಬಯಲು ದಾಟಿದ ಮೇಲೆ ನಡಿಗೆ ಶುರುವಾಗುವ ಜಾಗ ಕ್ಸಿಲೋಸ್ಕಾಲೋ ಬರುತ್ತದೆ. ಮರದ ಮೆಟ್ಟಿಲು ಅಂತ ಆ ಹೆಸರಿನ ಅರ್ಥ. ಗೇಟು ಬೆಳಿಗ್ಗೆ 7ಕ್ಕೆ ತೆರೆಯುತ್ತದೆ. ಟಿಕೆಟ್ ತೆಗೆದುಕೊಂಡರೆ ಕೆಳಗಿನ ಗೇಟಿನವರೆಗೂ ಜೋಪಾನವಾಗಿ ಇಟ್ಟುಕೊಳ್ಳಿ, ಹೊರಗೆ ಹೋಗುವಾಗ ಅದನ್ನು ನೋಡುತ್ತಾರೆ. ಒಳಗೆ ಯಾರೂ ಉಳಿದಿಲ್ಲ ಅಂತ ತಿಳಿಯೋದಕ್ಕೆ ಅದು ಅವರ ಲೆಕ್ಕ. ಕಮರಿಯೊಳಗೆ ರಾತ್ರಿ ಉಳಿಯುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ, ತೊರೆಯಲ್ಲಿ ಈಜುವಂತಿಲ್ಲ. ನೀರು ಎಷ್ಟೇ ಆಸೆ ಹುಟ್ಟಿಸಿದರೂ ಬೇಡ, ಸಮುದ್ರ ಕಾಯುತ್ತಿದೆ.

ಮೊದಲ ಮೂರು ನಾಲ್ಕು ಕಿಲೋಮೀಟರ್ ಕಡಿದಾದ ಇಳಿಜಾರು. ಎದುರಿಗೆ ಗಿಂಗಿಲೋಸ್ ಬೆಟ್ಟದ ಬೋಳು ಗೋಡೆ, ಕೆಳಗೆ ಪೈನ್ ಮತ್ತು ಸೈಪ್ರೆಸ್ ಮರಗಳು, ದಾರಿ ಹಾವಿನ ಹಾಗೆ ಸುತ್ತಿ ಸುತ್ತಿ ಇಳಿಯುತ್ತದೆ. ಇಡೀ ದಿನದ ಎತ್ತರದಲ್ಲಿ ಸುಮಾರು ಅರ್ಧ ಇಲ್ಲೇ ಮುಗಿದುಹೋಗುತ್ತದೆ. ಬೆಳಿಗ್ಗೆ ಉತ್ಸಾಹ ಜಾಸ್ತಿ, ಎಲ್ಲರೂ ದಡದಡ ಇಳಿಯುತ್ತಾರೆ. ನೀವು ಇಳಿಯಬೇಡಿ. ಲಕ್ಷಾಂತರ ಶೂಗಳು ಉಜ್ಜಿ ಉಜ್ಜಿ ಕೆಲವು ಕಲ್ಲುಗಳು ಗಾಜಿನ ಹಾಗೆ ನುಣ್ಣಗಾಗಿವೆ, ಇಬ್ಬನಿ ಬಿದ್ದಿದ್ದರೆ ಇನ್ನೂ ಜಾರು. ಕಲ್ಲು ಹೊಳೆಯುತ್ತಿದ್ದರೆ ಅದರ ಪಕ್ಕದ ಒರಟು ಕಲ್ಲಿನ ಮೇಲೆ ಕಾಲಿಡಿ. ಫೋಟೋ ತೆಗೆಯಬೇಕಾದರೆ ನಿಂತುಕೊಂಡು ತೆಗೆಯಿರಿ, ನಡೆಯುತ್ತಾ ಬೇಡ.

ಸಂತ ನಿಕೋಲಸ್‌ನ ಪುಟ್ಟ ಚರ್ಚಿನ ಹತ್ತಿರ ಬರುವ ಹೊತ್ತಿಗೆ ಇಳಿಜಾರಿನ ಬಿರುಸು ತಗ್ಗುತ್ತದೆ. ಅಲ್ಲಿಂದ ಮುಂದೆ ತೊರೆಯ ಪಕ್ಕದ ನಡಿಗೆ. ಸುಮಾರು ಅರ್ಧ ದಾರಿಯಲ್ಲಿ ಸಮಾರಿಯಾ ಅನ್ನೋ ಹಳ್ಳಿ. 1962ರಲ್ಲಿ ಕಮರಿಯನ್ನು ರಾಷ್ಟ್ರೀಯ ಉದ್ಯಾನ ಮಾಡಿದಾಗ ಹಳ್ಳಿಯವರನ್ನು ಬೇರೆ ಕಡೆ ಕಳಿಸಿದರು, ಈಗ ಕಲ್ಲಿನ ಮನೆಗಳು ಮಾತ್ರ ಉಳಿದಿವೆ. ಹತ್ತಿರದ ಓಸಿಯಾ ಮರಿಯಾ ಚರ್ಚಿನ ಹೆಸರೇ ಬಾಯಿಂದ ಬಾಯಿಗೆ ಸವೆದು ಸಮಾರಿಯಾ ಆಗಿದ್ದು ಅನ್ನುತ್ತಾರೆ. ಊಟಕ್ಕೆ ಇದೇ ಒಳ್ಳೆ ಜಾಗ. ನೆರಳಿದೆ, ನೀರಿದೆ, ಶೌಚಾಲಯ ಇದೆ, ಉದ್ಯಾನದ ಸಿಬ್ಬಂದಿಯೂ ಇರುತ್ತಾರೆ. ಶೂ ಬಿಚ್ಚಿ, ಸಾಕ್ಸ್ ಬದಲಾಯಿಸಿ, ಎಲ್ಲಾದರೂ ಉರಿಯುತ್ತಿದ್ದರೆ ಗುಳ್ಳೆ ಏಳುವ ಮೊದಲೇ ಟೇಪ್ ಅಂಟಿಸಿ. ಊಟದ ವಾಸನೆಗೆ ಕ್ರಿ-ಕ್ರಿ ಬರಬಹುದು. ಕ್ರೀಟ್‌ನ ಕಾಡು ಮೇಕೆ ಅದು. ನನ್ನ ಹತ್ತಿರ ಬಂದದ್ದು ಎರಡು ಮಾರು ದೂರದಲ್ಲಿ ನಿಂತು ನನ್ನ ಬ್ರೆಡ್ಡನ್ನೇ ದಿಟ್ಟಿಸಿತು, ಚಿಕ್ಕ ಮಕ್ಕಳು ನೋಡುತ್ತಾರಲ್ವಾ, ಹಾಗೆ. ಕೊಡಬೇಡಿ. ಕಾಡಿನ ಪ್ರಾಣಿ ಕೈತುತ್ತಿಗೆ ಬಿದ್ದರೆ ಅದಕ್ಕೇ ಕಷ್ಟ.

ಹಳ್ಳಿ ದಾಟಿದ ಮೇಲೆ ಗೋಡೆಗಳು ಹತ್ತಿರ ಬರುತ್ತಾ ಹೋಗುತ್ತವೆ. ಇಲ್ಲಿ ತೊರೆಯನ್ನು ಆಗಾಗ ದಾಟಬೇಕು, ಕಲ್ಲಿಂದ ಕಲ್ಲಿಗೆ. ಅಲುಗಾಡುವ ಕಲ್ಲು ಯಾವುದು ಅಂತ ಕೋಲಿನಿಂದ ಮೊದಲು ತಟ್ಟಿ ನೋಡಿ. ಕಲ್ಲು ಬೀಳುವ ಅಪಾಯವಿದೆ, ಬೇಗ ನಡೆಯಿರಿ ಅನ್ನೋ ಫಲಕಗಳು ಸಿಗುತ್ತವೆ. ಅಂಥ ಕಡೆ ನಿಂತು ಸೆಲ್ಫಿ ತೆಗೆಯುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ, ಆ ಒಬ್ಬರು ನೀವಾಗಬೇಡಿ. ಆಮೇಲೆ ಬರುತ್ತದೆ ಪೋರ್ಟೆಸ್, ಕಬ್ಬಿಣದ ಬಾಗಿಲು ಅಂತ ಕರೆಯುವ ಜಾಗ. ದಾರಿಯ ಅಗಲ ಮೂರು ನಾಲ್ಕು ಮೀಟರಿಗೆ ಇಳಿದುಬಿಡುತ್ತದೆ, ಎರಡೂ ಬದಿಯ ಬಂಡೆ ಸುಮಾರು 300 ಮೀಟರ್ ಎತ್ತರ. ನೀರಿನ ಮೇಲೆ ಮರದ ಹಲಗೆ ಹಾಕಿರುತ್ತಾರೆ. ಒಳಗೆ ಕಾಲಿಟ್ಟ ಕೂಡಲೇ ಜನರ ಮಾತೆಲ್ಲ ತಾನಾಗೇ ತಗ್ಗುತ್ತದೆ, ತಣ್ಣನೆ ಗಾಳಿ ಮುಖಕ್ಕೆ ಬಡಿಯುತ್ತದೆ. ತಲೆ ಎತ್ತಿ ನೋಡಿದರೆ ಆಕಾಶ ಒಂದು ಸೀಳಿನಷ್ಟೇ.

ನಡುವೆ ಕಾಲು ಉಳುಕಿದರೆ? ಫೋನ್ ಸಿಗ್ನಲ್ ನಂಬಬೇಡಿ. ಕುಳಿತುಕೊಳ್ಳಿ, ಹಿಂದಿನಿಂದ ಬರುವ ಗೈಡ್‌ಗೆ ಅಥವಾ ಸಿಬ್ಬಂದಿಗೆ ಹೇಳಿ. ನಡೆಯಲು ಆಗದವರನ್ನು ಹೇಸರಗತ್ತೆಯ ಮೇಲೆ ಕೂರಿಸಿ ಕೆಳಗೆ ಕರೆತರುತ್ತಾರೆ. ಸಣ್ಣ ನೋವಿದ್ದಾಗಲೇ ಹೇಳೋದು ವಾಸಿ.

13 ಕಿಲೋಮೀಟರಿಗೆ ಉದ್ಯಾನದ ಗೇಟು. ಮುಗೀತು ಅಂತ ಖುಷಿಪಡಬೇಡಿ, ಸಮುದ್ರಕ್ಕೆ ಇನ್ನೂ 3 ಕಿಲೋಮೀಟರ್ ಇದೆ, ನೆರಳೂ ಕಡಿಮೆ. ಇಡೀ ದಿನದಲ್ಲಿ ಮನಸ್ಸು ಸೋಲೋದು ಇಲ್ಲೇ. ಗೇಟಿನ ಹೊರಗೆ ಊರಿಗೆ ಕರೆದೊಯ್ಯುವ ಚಿಕ್ಕ ಬಸ್ಸು ಸಿಗಬಹುದು, ಚಿಲ್ಲರೆ ಹಣ ಕೊಟ್ಟು ಹತ್ತಿದರೆ ಯಾರೂ ಏನೂ ಅನ್ನೋದಿಲ್ಲ. ನಾನು ಹಟಕ್ಕೆ ನಡೆದೆ. ಉಗುರು ಹೋಗಿದ್ದು ಆ ಮೂರು ಕಿಲೋಮೀಟರಿನಲ್ಲೇ ಅಂತ ನನ್ನ ಗುಮಾನಿ.

ಆಯಿಯಾ ರೂಮೆಲಿಗೆ ಬಂದ ಕೂಡಲೇ ಮೊದಲು ದೋಣಿಯ ಟಿಕೆಟ್ ತೆಗೆದುಕೊಳ್ಳಿ, ಆಮೇಲೆ ತಂಪು ಪಾನೀಯ, ಆಮೇಲೆ ಸಮುದ್ರ. ದಂಡೆಯ ಕಪ್ಪು ಉರುಟುಗಲ್ಲುಗಳು ಮಧ್ಯಾಹ್ನ ಕಾವಲಿಯ ಹಾಗೆ ಕಾದಿರುತ್ತವೆ, ಚಪ್ಪಲಿ ತನ್ನಿ ಅಂದದ್ದು ಇದಕ್ಕೆ. ನೀರಿಗೆ ಇಳಿದಾಗ ಕಾಲಿಗೆ ಆಗುವ ಸುಖ ಇದೆಯಲ್ಲ, ಅದಕ್ಕಾಗಿಯೇ ಬೇಕಾದರೆ ಮತ್ತೊಮ್ಮೆ ಇಳಿಯಬಹುದು. ನಡಿಗೆಗೆ ಐದರಿಂದ ಏಳು ಗಂಟೆ ಅಂತ ಲೆಕ್ಕ ಹಾಕಿದರೆ ಸಂಜೆಯ ದೋಣಿಗೆ ಮೊದಲು ಊಟಕ್ಕೂ ಈಜಿಗೂ ಹೊತ್ತು ಸಿಗುತ್ತದೆ. 1941ರ ಮೇ ತಿಂಗಳಲ್ಲಿ ಜರ್ಮನರಿಂದ ತಪ್ಪಿಸಿಕೊಂಡು ಬೆಟ್ಟ ದಾಟಿ ಬಂದ ಗ್ರೀಸ್‌ನ ರಾಜ ಎರಡನೇ ಜಾರ್ಜ್ ಕೂಡ ಇದೇ ಊರಿಂದ ಹಡಗು ಹತ್ತಿದ್ದು. ಅವನಿಗಾದರೆ ಹಡಗು ಕಾದಿತ್ತು, ನಮಗೆ ಕಾಯೋದಿಲ್ಲ. ತಪ್ಪಿಸಿಕೊಂಡರೆ ಊರಲ್ಲೇ ರೂಮು ಹಿಡಿದು ರಾತ್ರಿ ಕಳೆಯಬೇಕಾಗುತ್ತದೆ.

ಪೂರ್ತಿ ಇಳಿಯೋದು ಆಗದು ಅನ್ನುವವರು ದೋಣಿಯಲ್ಲಿ ಆಯಿಯಾ ರೂಮೆಲಿಗೆ ಬಂದು, ಕೆಳಗಿನಿಂದ ಪೋರ್ಟೆಸ್‌ವರೆಗೆ ನಡೆದು ವಾಪಸ್ ಬರಬಹುದು. ಚಿಕ್ಕ ಮಕ್ಕಳಿದ್ದರೆ, ಮೊಣಕಾಲು ನೋವಿದ್ದರೆ ಇದೇ ಸರಿ.

ಮರುದಿನಕ್ಕೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ರೂಮು ಬುಕ್ ಮಾಡುವಾಗ ನೆಲಮಹಡಿಯಲ್ಲೇ ಕೊಡಿ ಅಂತ ಕೇಳಿ. ನನ್ನದು ಎರಡನೇ ಮಹಡಿ. ಬೆಳಿಗ್ಗೆ ತಿಂಡಿಗೆ ಕಂಬಿ ಹಿಡಿದುಕೊಂಡು ಹಿಂದು ಹಿಂದಾಗಿ ಇಳಿಯುತ್ತಿದ್ದೆ, ಎದುರಿಗೆ ನೋಡಿದರೆ ನಮ್ಮ ಗುಂಪಿನ ಇನ್ನಿಬ್ಬರು, ಅವರೂ ಹಿಂದು ಹಿಂದಾಗಿಯೇ ಬರುತ್ತಿದ್ದರು.